ಹಳೇ ಸುಮೊದ ಮುಂದಿನ ವೀಲ್ ಬೇರಿಂಗ್ ಮನೆಯಲ್ಲೇ ಬದಲಾಯಿಸೋದು

ನಮ್ಮ ಸಕಲೇಶಪುರದ ಕಡೆ ತೋಟದ ದಾರಿಯಲ್ಲಿ ಓಡುವ ಗಾಡಿಗಳ ಬೇರಿಂಗ್ ಸವೆದು ಸಾಯೋದಕ್ಕಿಂತ ನೀರು ಕುಡಿದು ಸಾಯೋದೇ ಹೆಚ್ಚು. ಹಳ್ಳ ದಾಟುವಾಗ ಸೀಲಿನ ಸಂದಿಯಿಂದ ನೀರು ನುಗ್ಗಿ ಗ್ರೀಸ್ ಕೆಡುತ್ತೆ, ಮಳೆಗಾಲ ಮುಗಿಯುವಷ್ಟರಲ್ಲಿ ಚಕ್ರ ಗುಂಯ್ ಅನ್ನುತ್ತೆ. ಬಲಕ್ಕೆ ತಿರುಗಿಸಿದಾಗ ಸದ್ದು ಜೋರಾದರೆ ಅನುಮಾನ ಎಡಗಡೆ ಚಕ್ರದ ಮೇಲೆ, ಭಾರ ಅತ್ತ ಬೀಳುತ್ತಲ್ಲ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಚಾಸಿಸ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲ ಅಲುಗಾಟ, ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ. ಪ್ಲೇ ನಿಂತುಹೋದರೆ ಬೇರಿಂಗ್. ನಿಲ್ಲದಿದ್ದರೆ ಸಸ್ಪೆನ್ಶನ್ನಿನ ಕೀಲು, ಬಾಲ್ ಜಾಯಿಂಟ್ ನೋಡಿ.

ಚಕ್ರ ಕಳಚಿ, ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ನೇತುಹಾಕಿ, ಬ್ರೇಕ್ ಹೋಸ್ ಮೇಲೆ ಭಾರ ಬೀಳಬಾರದು. ಡಸ್ಟ್ ಕ್ಯಾಪ್, ಸ್ಪ್ಲಿಟ್ ಪಿನ್, ನಟ್ ತೆಗೆದರೆ ಹೊರಗಿನ ಬೇರಿಂಗ್ ಕೈಗೇ ಬರುತ್ತೆ, ಆಮೇಲೆ ಹಬ್ (ಚಕ್ರ ಕೂರುವ ನಡುಭಾಗ). ಹಿಂದಿನ ಸೀಲ್ ಕಿತ್ತು ಒಳಗಿನದನ್ನೂ ತೆಗೆಯಿರಿ. ಹಳೇದರ ಮೇಲಿನ ನಂಬರ್ ತೋರಿಸಿಯೇ ಹೊಸದು ತನ್ನಿ.

ಕೋನ್ (ರೋಲರ್ ಇರುವ ಒಳಭಾಗ) ಮಾತ್ರ ಹೊಸದು ಹಾಕಿ ಹಳೇ ಕಪ್ (ಹಬ್ಬಿನೊಳಗೆ ಕೂತಿರುವ ಹೊರಬಳೆ) ಉಳಿಸುವ ಜಿಪುಣತನ ಬೇಡ. ಹಳೇ ಕಪ್ಪನ್ನು ಹಿತ್ತಾಳೆ ರಾಡಿನಿಂದ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಹೊಡೆದು ಇಳಿಸಿ. ಹಬ್ಬನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಹೊಸ ಕಪ್ ಓರೆಯಾಗದಂತೆ ಹೊಡೆಯುತ್ತಾ ಹೋಗಿ; ಪೂರ್ತಿ ಕೂತಾಗ ಸುತ್ತಿಗೆ ಸದ್ದೇ ಬದಲಾಗಿ ಗಟ್ಟಿಯಾಗಿ ಕೇಳುತ್ತೆ.

ವೀಲ್ ಬೇರಿಂಗ್ ಗ್ರೀಸನ್ನು ಅಂಗೈಯಲ್ಲಿಟ್ಟು, ಬೇರಿಂಗಿನ ಅಗಲದ ಬದಿಯನ್ನು ಅದಕ್ಕೆ ಒತ್ತಿ, ರೋಲರ್ ನಡುವಿನಿಂದ ಇನ್ನೊಂದು ಕಡೆ ಹೊರಬರುವ ತನಕ ತುಂಬಿ. ಮೇಲೆ ಸವರಿದರೆ ಏನೂ ಉಪಯೋಗವಿಲ್ಲ. ಒಳಗಿನ ಬೇರಿಂಗ್ ಇಟ್ಟು ಸೀಲ್ ಹೊಸದೇ ಹಾಕಿ, ಸೀಲಿನ ತುಟಿಗೆ ಚೂರು ಗ್ರೀಸ್ ಹಚ್ಚಿ. ಹಬ್ ಮತ್ತೆ ಏರಿಸಿ, ಹೊರಗಿನ ಬೇರಿಂಗ್ ಕೂರಿಸಿ. ಡಿಸ್ಕಿಗೆ ಗ್ರೀಸ್ ತಾಗಿದ್ದರೆ ಒರೆಸಿ.

ಇನ್ನು ನಟ್. ಹುಡುಗರು ಕೆಡಿಸೋದು ಇಲ್ಲೇ, ಪೈಪ್ ಹಾಕಿ ಬಿಗಿದುಬಿಡ್ತಾರೆ. ಹಬ್ ತಿರುಗಿಸುತ್ತಲೇ ಸ್ಪಾನರಿನಲ್ಲಿ ಬಿಗಿ ಮಾಡಿ, ಬೇರಿಂಗ್ ಕೂರಲಿ. ಆಮೇಲೆ ಪೂರ್ತಿ ಸಡಿಲಿಸಿ, ಬರೀ ಬೆರಳಲ್ಲಿ ಬಿಗಿಯಿರಿ. ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸಿ, ಮುಂದಕ್ಕಲ್ಲ. ಕೈಗೆ ಗೊತ್ತಾಗಿಯೂ ಗೊತ್ತಾಗದಷ್ಟು ಪ್ಲೇ ಇರಬೇಕು. ಹೊಸ ಸ್ಪ್ಲಿಟ್ ಪಿನ್ ಹಾಕಿ ಮಡಚಿ.

ಸ್ವಿಫ್ಟ್, ಆಲ್ಟೊ ಇದ್ದವರು ಇದನ್ನು ಓದಿ ಸುತ್ತಿಗೆ ಎತ್ತಬೇಡಿ. ಅವುಗಳ ಬೇರಿಂಗ್ ನಕಲ್‌ನೊಳಗೆ (ಹಬ್ ಹಿಡಿದು ಸ್ಟೀರಿಂಗ್ ಜೊತೆ ತಿರುಗುವ ಭಾಗ) ಬಿಗಿಯಾಗಿ ಕೂತಿರುತ್ತೆ. ನಕಲ್ ಬಿಚ್ಚಿ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ.

ಎಲ್ಲ ಕೂಡಿಸಿದ ಮೇಲೆ ಹೊರಡುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಬ್ರೇಕ್ ಕಡಿಮೆ ಬಳಸಿ ನಾಲ್ಕೈದು ಕಿಲೋಮೀಟರ್ ಓಡಿಸಿ, ಡಸ್ಟ್ ಕ್ಯಾಪ್ ಹತ್ತಿರ ಕೈ ಹಿಡಿದು ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಇನ್ನೊಂದು ಬದಿಗಿಂತ ತೀರಾ ಬಿಸಿ ಇದ್ದರೆ ನಟ್ ಹೆಚ್ಚು ಬಿಗಿದಿದೆ, ಅಲ್ಲೇ ನಿಲ್ಲಿಸಿ ಸಡಿಲಿಸಿ. ವಾರ ಬಿಟ್ಟು ಮತ್ತೊಮ್ಮೆ ಎತ್ತಿ ಪ್ಲೇ ನೋಡಿ.