ಸನ್ನತಿ ಬ್ಯಾರೇಜಿನ ಬಳಿ ಕಯಾಕ್: ಎಲ್ಲಿ ಇಳಿಯುತ್ತೇನೆ, ಎಲ್ಲಿ ಏರುತ್ತೇನೆ

ಭೀಮಾ ನದಿಯಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಓಡಿಸುತ್ತೇನೆ ಅಂದರೆ ಕಲಬುರಗಿಯಲ್ಲಿ ಎಲ್ಲರೂ ಮೊದಲು ಕೇಳುವುದು ಮೊಸಳೆ ಬಗ್ಗೆ. ಮೊಸಳೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ನನಗೆ ಅದಕ್ಕಿಂತ ಜಾಸ್ತಿ ಭಯ ಬ್ಯಾರೇಜಿನದ್ದು.

ಸೊನ್ನ, ಘತ್ತರಗಿ, ಗಾಣಗಾಪುರ, ಸನ್ನತಿ, ಮುಂದೆ ಯಾದಗಿರಿ ಕಡೆ ಗುರುಸಣಗಿ, ಜೋಳದಡಗಿ. ನಮ್ಮ ಎರಡು ಜಿಲ್ಲೆಗಳಲ್ಲಿ ಭೀಮೆಗೆ ಅಡ್ಡಲಾಗಿ ಇಷ್ಟು ಕಡೆ ಗೋಡೆ, ಗೇಟು ಇವೆ. ಹೀಗಾಗಿ ಇಲ್ಲಿ ದೋಣಿ ಬಿಡುವವರು ಇವತ್ತಲ್ಲ ನಾಳೆ ಒಂದು ಬ್ಯಾರೇಜಿನ ಮುಂದೆ ಬಂದು ನಿಲ್ಲಲೇಬೇಕು. ನಾನು ಹೆಚ್ಚಾಗಿ ಹೋಗುವುದು ಚಿತ್ತಾಪುರ ತಾಲ್ಲೂಕಿನ ಸನ್ನತಿ ಕಡೆ. ನನ್ನದು ಗಾಳಿ ತುಂಬಿಸುವ ಕಯಾಕ್. ಮಡಚಿದರೆ ಬೈಕಿನ ಹಿಂದೆ ಕಟ್ಟಬಹುದು.

ಬ್ಯಾರೇಜಿನಲ್ಲಿ ಅಪಾಯ ಎರಡು ಥರ. ಒಂದು, ಗೇಟಿನ ಮೇಲಿಂದ ನೀರು ಧುಮುಕುವಾಗ. ಇದನ್ನು ನನಗೆ ತೋರಿಸಿಕೊಟ್ಟವರು ಬಲೆ ಹಾಕುವ ಒಬ್ಬ ಅಂಬಿಗರ ಹಿರಿಯರು. ಮಳೆಗಾಲ ಮುಗಿಯುತ್ತಾ ಬಂದಿತ್ತು. ಗೇಟಿನ ನೆತ್ತಿಯಿಂದ ತೆಳ್ಳಗೆ ನೀರು ಸುರಿಯುತ್ತಿತ್ತು. ನೋಡಿದರೆ ಮಕ್ಕಳೂ ಆಡಬಹುದು ಅನ್ನಿಸುವಷ್ಟು. ಕೆಳಗೆ ನೊರೆಯಲ್ಲಿ ಯಾರೋ ಹೊಳೆಗೆ ಬಿಟ್ಟ ತೆಂಗಿನಕಾಯಿ. ಮುಳುಗಿತು. ನಾಲ್ಕು ಮಾರು ಆಚೆ ಎದ್ದಿತು. ಎದ್ದದ್ದು ಮುಂದೆ ಹೋಗದೆ, ನಿಧಾನಕ್ಕೆ ಗೋಡೆಯ ಕಡೆಗೇ ವಾಪಸ್ ಬಂದು ಮತ್ತೆ ಮುಳುಗಿತು.

"ತಮ್ಮಾ, ಆ ಕಾಯಿ ನೋಡು. ಮುಂಜಾನಿಂದ ಅಲ್ಲೇ ಅದ."

"ಹೊರಗ ಬರಂಗಿಲ್ಲೇನು ಕಾಕಾ?"

"ಕಾಯಿಗೇ ಬಿಡವಲ್ದು, ಮನಷ್ಯಾಗ ಬಿಡ್ತದೇನು?"

ಅಲ್ಲಿ ಆಗುವುದು ಇಷ್ಟು. ಧುಮುಕಿದ ನೀರು ನೇರ ತಳಕ್ಕೆ ಹೋಗುತ್ತದೆ. ಸ್ವಲ್ಪ ದೂರದಲ್ಲಿ ಉಕ್ಕಿ ಮೇಲೆ ಬರುತ್ತದೆ. ಹಾಗೆ ಬಂದ ನೀರಿನಲ್ಲಿ ಒಂದು ಪಾಲು ಮುಂದೆ ಹರಿಯುತ್ತದೆ, ಇನ್ನೊಂದು ಪಾಲು ಮೇಲ್ಮೈಯಲ್ಲಿ ಹಿಂದಕ್ಕೆ, ಗೋಡೆಯ ಬುಡಕ್ಕೆ ಎಳೆಯುತ್ತದೆ. ಅದರೊಳಗೆ ಸಿಕ್ಕವರು ಆ ಕಾಯಿಯಂತೆ ಸುತ್ತುತ್ತಲೇ ಇರುತ್ತಾರೆ. ನೊರೆಯಲ್ಲಿ ಅರ್ಧ ಗಾಳಿಯೇ ಇರುವುದರಿಂದ ಲೈಫ್ ಜಾಕೆಟ್ ಕೂಡ ಸರಿಯಾಗಿ ತೇಲಿಸುವುದಿಲ್ಲ. ಬಂಡೆಗಳ ನಡುವಿನ ಹರಿವಿನಲ್ಲಿ ಎಲ್ಲೋ ಒಂದು ಕಡೆ ಸಂದಿ ಇದ್ದೇ ಇರುತ್ತದೆ. ಮನುಷ್ಯ ಕಟ್ಟಿದ ಗೋಡೆ ಉದ್ದಕ್ಕೂ ಒಂದೇ ಸಮ, ನುಸುಳಲು ಜಾಗ ಇಲ್ಲ. ಬೀಳುವ ಎತ್ತರ ಬರೀ ಮೂರು ನಾಲ್ಕು ಅಡಿ ಇದ್ದರೂ ಸಾಕು.

ಎರಡನೆಯದು ಇನ್ನೂ ಮೋಸದ್ದು. ಗೇಟನ್ನು ಸ್ವಲ್ಪ ಎತ್ತಿರುತ್ತಾರೆ, ನೀರು ಅಡಿಯಿಂದ ನುಗ್ಗುತ್ತಿರುತ್ತದೆ. ಮೇಲ್ಗಡೆಯಿಂದ, ಅಂದರೆ ನೀರು ಹರಿದು ಬರುವ ಕಡೆಯಿಂದ, ಬರುವವರಿಗೆ ಏನೂ ಕಾಣುವುದಿಲ್ಲ. ಸೇತುವೆಯ ಕಂಬ, ಅದರ ನೆರಳು, ಸುಮ್ಮನೆ ನಿಂತಂತಿರುವ ನೀರು, ಅಷ್ಟೇ. ಸದ್ದೆಲ್ಲ ಆಚೆ ಬದಿಗೆ. ಗಾಳಿ ನಮ್ಮ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಅದೂ ಕೇಳುವುದಿಲ್ಲ. ತೀರಾ ಹತ್ತಿರ ಹೋದಾಗ ಮಾತ್ರ ಗೇಟಿನ ಮುಂದೆ ಸಣ್ಣ ಸಣ್ಣ ಸುಳಿ, ಒಳಕ್ಕೆ ಎಳೆದುಕೊಳ್ಳುವ ಕಸ ಕಾಣುತ್ತದೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಆ ಎಳೆತ ಮನುಷ್ಯನನ್ನು ಗೇಟಿಗೆ ಒತ್ತಿ ಹಿಡಿದರೆ ಬಿಡಿಸಿಕೊಳ್ಳುವ ಶಕ್ತಿ ಯಾರಿಗೂ ಇಲ್ಲ.

ಅದಕ್ಕೇ ನಾನು ದೋಣಿಗೆ ಗಾಳಿ ತುಂಬಿಸುವ ಮೊದಲು ದಂಡೆಯಲ್ಲಿ ನಡೆಯುತ್ತೇನೆ. ಹತ್ತು ಮೀಟರ್ ಅಳೆದು ಎರಡು ಕಲ್ಲು ಇಡುತ್ತೇನೆ. ಜೋಳದ ದಂಟಿನ ತುಂಡನ್ನು ಹೊಳೆಯ ಒಳಗೆ ಆದಷ್ಟು ದೂರ ಎಸೆದು ಗಡಿಯಾರ ನೋಡುತ್ತೇನೆ. ಹತ್ತು ಮೀಟರ್ ಹತ್ತು ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 3.6 ಕಿಲೋಮೀಟರ್ ವೇಗ. ನನ್ನಂಥವರು ಸಮವಾಗಿ ಹುಟ್ಟು ಹಾಕಿದರೆ ಗಂಟೆಗೆ ಐದರ ಆಸುಪಾಸು. ಎದುರು ಗಾಳಿ ಬಂದರೆ ಅದೂ ಇಲ್ಲ. ಹಾಗಾಗಿ ದಂಟು ಇಪ್ಪತ್ತು ಸೆಕೆಂಡಿಗಿಂತ ಬೇಗ ದಾಟಿದ ದಿನ ಬ್ಯಾರೇಜಿನ ಮೇಲ್ಗಡೆ ನಾನು ನೀರಿಗೆ ಇಳಿಯುವುದಿಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಅನ್ನುವುದು ನೆನಪಿರಲಿ. ದಂಟಿನ ಲೆಕ್ಕ ದಂಡೆಯ ಹತ್ತಿರದ ನೀರಿನದ್ದು ಮಾತ್ರ. ನಡು ಹೊಳೆಯಲ್ಲಿ ಸೆಳೆತ ಇನ್ನೂ ಜಾಸ್ತಿ.

ನೀರಿನ ಸುದ್ದಿಯನ್ನು ಹಿಂದಿನ ದಿನವೇ ನೋಡುತ್ತೇನೆ. ಭೀಮೆಗೆ ನೀರು ಬಂತು ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳ ಹೆಸರು. ಅಲ್ಲಿಂದ ಬಿಟ್ಟ ನೀರು ಇಲ್ಲಿಗೆ ಬರುವಷ್ಟರಲ್ಲಿ ಸುದ್ದಿ ಸಿಕ್ಕಿರುತ್ತದೆ. ಆದರೆ ಸನ್ನತಿಗೆ ಇದಿಷ್ಟೇ ಸಾಲದು. ಶಹಾಬಾದ್ ಕಡೆ ಹೊನಗುಂಟಾ ಹತ್ತಿರ ಕಾಗಿಣಾ ಬಂದು ಭೀಮೆ ಸೇರುತ್ತದೆ. ಸೇಡಂ, ಚಿಂಚೋಳಿ ಕಡೆ ರಾತ್ರಿ ಜೋರು ಮಳೆಯಾದರೆ, ಉಜನಿಯ ಗೇಟೆಲ್ಲ ಮುಚ್ಚಿದ್ದರೂ ಸನ್ನತಿಯಲ್ಲಿ ನೀರು ಏರುತ್ತದೆ. ಆದ್ದರಿಂದ ಕಾಗಿಣಾ ದಂಡೆಯ ಮಳಖೇಡದಲ್ಲಿ ಸೇತುವೆ ಹತ್ತಿರ ಇರುವ ಗೆಳೆಯನಿಗೆ ಒಂದು ಫೋನ್ ಮಾಡದೆ ನಾನು ಮನೆ ಬಿಡುವುದಿಲ್ಲ. "ಬರೀ ಹತ್ತು ಸಾವಿರ ಕ್ಯುಸೆಕ್" ಎಂದು ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್. ಹತ್ತು ಸಾವಿರ ಅಂದರೆ ಪ್ರತಿ ಸೆಕೆಂಡಿಗೆ 280 ಟನ್ ನೀರು. 2020ರ ಅಕ್ಟೋಬರ್ ಪ್ರವಾಹದ ನಂತರ ದಂಡೆಯ ಜಾಲಿ ಗಿಡಗಳ ತಲೆಯಲ್ಲಿ ಹರಿದ ಚೀಲ, ಮೇವಿನ ಕಂತೆ ಸಿಕ್ಕಿಕೊಂಡಿದ್ದವು. ಕೆಳಗೆ ನಿಂತು ಕತ್ತೆತ್ತಿ ನೋಡಬೇಕಿತ್ತು.

ಮಳೆಗಾಲದಲ್ಲಂತೂ ದೋಣಿ ಮನೆಯಲ್ಲೇ. ಮಳೆ ನಿಂತು, ಗೇಟು ಇಳಿಸಿ ನೀರು ನಿಲ್ಲಿಸಿದ ಮೇಲೆ, ನವೆಂಬರಿನಿಂದ ಜನವರಿ ತನಕ ನಮಗೆ ಒಳ್ಳೆಯ ಕಾಲ. ಹಾಗೆ ನಿಂತ ನೀರಿನಲ್ಲೂ ಗೇಟ್ ನೋಡಿಕೊಳ್ಳುವವರನ್ನು ಮಾತಾಡಿಸಿಯೇ ಇಳಿಯುತ್ತೇನೆ. ಇವತ್ತು ಗೇಟ್ ಎತ್ತುವುದಿದೆಯಾ, ಎಷ್ಟೊತ್ತಿಗೆ ಎಂದು ಕೇಳಿ, ನನ್ನ ನಂಬರ್ ಕೊಟ್ಟಿರುತ್ತೇನೆ. ಹೊಸಬರು ಮೊದಲು ನೀರಾವರಿ ಕಚೇರಿಗೆ ಹೋಗಿ ಅನುಮತಿ ಕೇಳುವುದು ಒಳ್ಳೆಯದು. ಹೇಳದೆ ಕೇಳದೆ ಇಳಿದರೆ ನಮ್ಮ ಹಿಂದೆ ಬರುವವರಿಗೂ ದಾರಿ ಮುಚ್ಚುತ್ತದೆ.

ಇನ್ನು ದಾರಿ. ಬ್ಯಾರೇಜನ್ನು ನೀರಿನ ಮೇಲೆ ದಾಟುವ ಮಾತೇ ಇಲ್ಲ. ಮೇಲ್ಗಡೆ ಬಹಳ ಮೊದಲೇ ದಂಡೆ ಏರಿ, ದೋಣಿ ಹೊತ್ತು ನಡೆದು, ಕೆಳಗೆ ನೊರೆ ಪೂರ್ತಿ ಮುಗಿದ ಮೇಲೆ ಇಳಿಯಬೇಕು. ಏರುವ ಜಾಗಕ್ಕೆ ದಂಡೆಯ ಮೇಲೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತೇನೆ. ನೀರಿನಲ್ಲಿ ಕೂತಾಗ ದಂಡೆಯೆಲ್ಲ ಒಂದೇ ಥರ ಕಾಣುತ್ತದೆ. ಎಡದಂಡೆಯಲ್ಲಿ ನಾನು ಹಿಡಿದ ದಾರಿ ಒಬ್ಬ ರೈತರ ತೊಗರಿ ಹೊಲದ ಬದುವಿನ ಮೇಲೆ ಹೋಗುತ್ತದೆ. ಅವರನ್ನು ಕೇಳಿದಾಗ, "ಬದುವಿನ ಮ್ಯಾಲ ಹೋಗ್ರಿ, ಬೆಳಿ ತುಳಿಬ್ಯಾಡ್ರಿ" ಅಂದರು. ನ್ಯಾಯವಾದ ಮಾತು. ತೊಗರಿ ರಾಶಿ ನಡೆಯುವಾಗ ಆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತೇನೆ.

ಎರೆ ಮಣ್ಣಿನ ದಂಡೆ ಒಣಗಿದ್ದರೆ ಕಲ್ಲು, ನೆನೆದರೆ ಮೊಣಕಾಲು ತನಕ ಹಿಡಿದುಕೊಳ್ಳುತ್ತದೆ. ಅದಕ್ಕೆ ಹಾಸುಗಲ್ಲು ಇರುವ ಕಡೆ ಏರುವುದು ವಾಸಿ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಪರ್ಸಿಯ ಜಾತಿಯದೇ ಕಲ್ಲು, ಪದರ ಪದರ. ನೀರಿನಂಚಿನಲ್ಲಿ ಅದರ ಮೇಲೆ ಪಾಚಿ ಇರುತ್ತದೆ. ನಿಂತು ಕಾಲಿಡಬೇಡಿ, ಕೂತು ಜರುಗಿ. ಜಾಲಿ ಮುಳ್ಳು ಗಾಳಿ ದೋಣಿಗೆ ಶತ್ರು, ನೆಲದಲ್ಲಿ ಎಳೆಯದೆ ಹೊತ್ತೇ ಒಯ್ಯಿರಿ.

ಪಂಪ್‌ಸೆಟ್ಟಿನ ವೈರುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಂಡೆಯುದ್ದಕ್ಕೂ ಮೋಟಾರು, ಜೋಡಿಸಿ ಟೇಪ್ ಸುತ್ತಿದ ಕೇಬಲ್, ಕೆಲವು ನೀರಲ್ಲೇ ಬಿದ್ದಿರುತ್ತವೆ. ನಾನು ಅವುಗಳಿಂದ ದೂರವೇ ಇರುತ್ತೇನೆ, ಪೈಪು ಹಿಡಿದು ನಿಲ್ಲುವುದೂ ಇಲ್ಲ. ಬಲೆ ಕಂಡರೆ ಸುತ್ತಿ ಹೋಗುತ್ತೇನೆ. ಅದು ಇನ್ನೊಬ್ಬರ ಅನ್ನ. ಸಿಕ್ಕಿಕೊಂಡರೆ ನಮಗೂ ಅಪಾಯ, ಅದಕ್ಕೆ ಎದೆಗೆ ಸಣ್ಣ ಚಾಕು ಇರುತ್ತದೆ. ಮೊಸಳೆ ಚಳಿಗಾಲದ ಬೆಳಿಗ್ಗೆ ಬಿಸಿಲು ಕಾಯಲು ಮರಳಿನ ಮೇಲೆ, ಬಂಡೆಯ ಮೇಲೆ ಬರುತ್ತದೆ. ಅಂಥ ಜಾಗ ಯಾವುದು ಎಂದು ಅಂಬಿಗರಿಗೆ ಗೊತ್ತು. ಅವರು ಬೇಡ ಅಂದ ಕಡೆ ಹೋಗುವುದಿಲ್ಲ. ಮುಸ್ಸಂಜೆಗೆ ನೀರಲ್ಲಿ ಇರುವುದಿಲ್ಲ.

ಒಬ್ಬನೇ ಎಂದೂ ಹೋಗುವುದಿಲ್ಲ. ದಂಡೆಯಲ್ಲಿ ಒಬ್ಬರು ಹದಿನೈದು ಇಪ್ಪತ್ತು ಮೀಟರಿನ ತೇಲುವ ಹಗ್ಗ ಹಿಡಿದು ನಿಂತಿರಬೇಕು. ಯಾರಾದರೂ ಬ್ಯಾರೇಜಿನ ಕೆಳಗೆ ಸಿಕ್ಕಿಕೊಂಡರೆ ಹಗ್ಗ ಎಸೆಯಿರಿ, ನೀವು ಹಾರಬೇಡಿ. ಕಾಪಾಡಲು ಹಾರಿದವರೇ ಹೋಗಿಬಿಡುತ್ತಾರೆ. ಗೇಟಿನವರಿಗೆ ಕೂಗಿ ಹೇಳಿ, 112ಕ್ಕೆ ಫೋನ್ ಮಾಡಿ.

ನಾನು ಸಿಕ್ಕ ಅಧಿಕಾರಿಗಳಿಗೆಲ್ಲ ಒಂದೇ ಮಾತು ಕೇಳುತ್ತಿದ್ದೇನೆ. ಪ್ರತಿ ಬ್ಯಾರೇಜಿನ ಮೇಲ್ಗಡೆ, ಗೇಟಿನಿಂದ ಸಾಕಷ್ಟು ದೂರದಲ್ಲಿ, ದಂಡೆಯಿಂದ ದಂಡೆಗೆ ಹಗ್ಗ ಎಳೆದು ಕೆಂಪು ಡ್ರಮ್ ತೇಲಿಬಿಡಲಿ. ಎಡದಂಡೆಯಲ್ಲೂ ಬಲದಂಡೆಯಲ್ಲೂ ನಾಲ್ಕು ಕಲ್ಲಿನ ಮೆಟ್ಟಿಲು ಕಟ್ಟಲಿ. ವರ್ಷವಿಡೀ ಅದೇ ನೀರಿನಲ್ಲಿ ತೆಪ್ಪ ಹಾಕುವ ಅಂಬಿಗರಿಗೆ ಅವು ನನಗಿಂತ ಹೆಚ್ಚು ಬೇಕು.