ಅರಗಿನ ಪ್ಲೇಟು ತೊಳೆದು ಹಾಡಿಸುವ ಬಗೆ

ಬೆಳಗಾವಿಯ ಖಡೇಬಜಾರಿನಲ್ಲಿ ನನಗೆ ಅಮೆರಿಕದ ಜಾಝ್ ಬ್ಯಾಂಡ್ ನಾಯಕ ಪಾಲ್ ವೈಟ್‌ಮನ್ ಬ್ಯಾಂಡಿನ, ಅರಗಿನ ಹಳೆ ಗ್ರಾಮಫೋನ್ ಪ್ಲೇಟೊಂದು ಸಿಕ್ಕಿತು. ಧೂಳು ಮೆತ್ತಿತ್ತು.

ಮೊದಲ ಮಾತು, ಸ್ಪಿರಿಟ್ ಮುಟ್ಟಿಸಬೇಡಿ. ಅರಗು ಕರಗುತ್ತದೆ. ಹಿಂದೊಮ್ಮೆ ನಾನು ಹಾಗೆ ಒರೆಸಿದಾಗ ಹತ್ತಿಗೆಲ್ಲ ಕಪ್ಪು ಹತ್ತಿತು, ಗೆರೆಗಳು ಮಸುಕಾದವು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೋಪು ಸಾಕು. ಮೆತ್ತನೆ ಬ್ರಷ್ಷನ್ನು ಗೆರೆಗುಂಟ ಸುತ್ತಿಸಿ. ಲೇಬಲ್ ನೆನೆಯಬಾರದು. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಡೊಂಕಾಗುತ್ತದೆ.

ಕೀಲಿ ಕೊಡುವ ಗ್ರಾಮಫೋನಾದರೆ ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳು ಹಾಕಿ. ವೇಗ ನಿಮಿಷಕ್ಕೆ 78 ಸುತ್ತು.

1925ಕ್ಕಿಂತ ಹಿಂದೆ ಪ್ಲೇಟಿಗೆ ಧ್ವನಿಮುದ್ರಿಸುವಾಗ ಸಾಮಾನ್ಯವಾಗಿ ಮೈಕ್ ಬಳಸುತ್ತಿರಲಿಲ್ಲ, ದೊಡ್ಡ ಕೊಳವೆಯ ಮುಂದೆ ನಿಂತು ನುಡಿಸುತ್ತಿದ್ದರು. ಡ್ರಮ್ಮಿನ ತಗ್ಗು ದನಿ ಸರಿಯಾಗಿ ಕೇಳದಿದ್ದರೆ ಪ್ಲೇಟು ಕೆಟ್ಟಿದೆ ಅಂದುಕೊಳ್ಳಬೇಡಿ. ಬ್ಯಾಂಡಿನ ತುತ್ತೂರಿಯ ದನಿಗೆ ಕಿವಿಗೊಡಿ, ಎಷ್ಟು ಹತ್ತಿರ ಅಲ್ವಾ!