ಕಂಟ್ರಿ ಡ್ಯಾನ್ಸ್ ಟ್ಯೂನಿನ ಬೇರು ಹುಡುಕುವುದು ಹೇಗೆ?

ಇಂಗ್ಲಿಷ್ ಕಂಟ್ರಿ ಡ್ಯಾನ್ಸಿನ (ಜೋಡಿಗಳು ಸೇರಿ ಕುಣಿಯುವ ಇಂಗ್ಲೆಂಡಿನ ಹಳೆಯ ನೃತ್ಯ) ಪಿಟೀಲು ಟ್ಯೂನ್‌ಗಳನ್ನು ನುಡಿಸುವವರಿಗೆ ಪುಸ್ತಕದಲ್ಲಿ ಹೆಸರಿನ ಪಕ್ಕ ‘ಸಾಂಪ್ರದಾಯಿಕ’ ಅನ್ನುವ ಪದ ಪದೇ ಪದೇ ಸಿಗುತ್ತದೆ. ಅಲ್ಲಿಗೇ ನಿಲ್ಲಬೇಡಿ. ಎಷ್ಟೋ ಟ್ಯೂನ್‌ಗಳ ಹಿಂದೆ ಹೆಸರು, ಊರು, ವರ್ಷ ಎಲ್ಲ ಇದೆ.

ಮೊದಲು ಶೀರ್ಷಿಕೆಯನ್ನು ಬದಿಗಿಡಿ. ಒಂದೇ ಟ್ಯೂನಿಗೆ ಊರಿಗೊಂದು ಹೆಸರಿರುತ್ತದೆ, ಒಂದೇ ಹೆಸರಲ್ಲಿ ಬೇರೆ ಬೇರೆ ಟ್ಯೂನ್‌ಗಳಿರುತ್ತವೆ. ನಾನು ಟ್ಯೂನನ್ನು ಅಂಕಿಗಳಲ್ಲಿ ಬರೆದುಕೊಳ್ಳುತ್ತೇನೆ. ಆಧಾರ ಸ್ವರ 1, ಅದರ ಮೇಲಿನದು 2, ಹೀಗೆ 7ರವರೆಗೆ. ಮೊದಲ ಎರಡು ತಾಳದ ಆವರ್ತಗಳಲ್ಲಿ, ಅಂದರೆ ಬಾರ್‌ಗಳಲ್ಲಿ ಒತ್ತು ಬೀಳುವ ಸ್ವರಗಳು ಮಾತ್ರ ಸಾಕು. ನಡುವೆ ಓಡುವ ಸ್ವರಗಳು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಜಿಯನ್ನು ಆಧಾರ ಸ್ವರವಾಗಿಟ್ಟ ಜಿ ಮೇಜರ್‌ನಲ್ಲಿ ಜಿ, ಬಿ, ಡಿ, ಬಿ ಮೇಲೆ ಒತ್ತು ಬಿದ್ದರೆ 1 3 5 3. ಅದೇ ಟ್ಯೂನ್ ಡಿ ಮೇಜರ್‌ನಲ್ಲಿ ಸಿಕ್ಕರೂ ಅಂಕಿ ಅದೇ. ಹಳೆಯ ಪುಸ್ತಕಗಳನ್ನು ತಿರುವುವಾಗ ನಿಮ್ಮ ಕಣ್ಣು ಹುಡುಕಬೇಕಾದದ್ದು ಇದನ್ನೇ.

ತಾಳವೂ ಕಾಲ ಹೇಳುತ್ತದೆ. 3/2 ಹಾರ್ನ್‌ಪೈಪ್ (ಬಾರಿಗೆ ಮೂರು ದೊಡ್ಡ ಎಣಿಕೆ ಇರುವ ಕುಣಿತದ ಟ್ಯೂನ್) ಆದರೆ 17ನೇ ಶತಮಾನದ ಕೊನೆ, 18ರ ಶುರುವಿನ ಕಡೆ ಹುಡುಕಿ. ಪೋಲ್ಕಾ (ಎರಡೆಣಿಕೆಯ ಜೋಡಿ ಕುಣಿತ) ಆದರೆ ಅಷ್ಟು ಹಿಂದೆ ಹೋಗಬೇಕಿಲ್ಲ, ಪೋಲ್ಕಾದ ಹುಚ್ಚು ಲಂಡನ್ನಿಗೆ ಹಬ್ಬಿದ್ದೇ 1844ರಲ್ಲಿ.

ಆಮೇಲೆ ಲಂಡನ್ನಿನ ಪ್ರಕಾಶಕ ಜಾನ್ ಪ್ಲೇಫರ್ಡ್. ಅವರು 1651ರಲ್ಲಿ ಅಚ್ಚು ಹಾಕಿದ ‘ದಿ ಇಂಗ್ಲಿಷ್ ಡ್ಯಾನ್ಸಿಂಗ್ ಮಾಸ್ಟರ್’ನಲ್ಲಿ 105 ನೃತ್ಯಗಳಿವೆ. ಅದು 1720ರ ದಶಕದವರೆಗೂ ಮತ್ತೆ ಮತ್ತೆ ಅಚ್ಚಾಯಿತು. ನಿಮ್ಮ ಟ್ಯೂನ್ ಯಾವ ಮುದ್ರಣದಲ್ಲಿ ಇಲ್ಲ, ಯಾವುದರಲ್ಲಿ ಮೊದಲು ಬಂತು ಅಂತ ನೋಡಿ. ಆದರೆ ಅಚ್ಚಾದ ವರ್ಷವೇ ಹುಟ್ಟಿದ ವರ್ಷ ಅಲ್ಲ. ‘ಸೆಲಿಂಜರ್ಸ್ ರೌಂಡ್’ ಪ್ಲೇಫರ್ಡ್ ಪುಸ್ತಕಗಳಲ್ಲಿದೆ, ನಿಜ. ಆದರೆ ಸಂಗೀತಕಾರ ವಿಲಿಯಂ ಬರ್ಡ್ ಅದೇ ಟ್ಯೂನಿಗೆ ಕೀಬೋರ್ಡ್ ರೂಪ ಕೊಟ್ಟಿದ್ದು 1591ರ ಹಸ್ತಪ್ರತಿಯಲ್ಲೇ ಸಿಗುತ್ತದೆ. ಆದ್ದರಿಂದ ‘ಇಷ್ಟರೊಳಗೆ ಇತ್ತು’ ಅಂತಷ್ಟೇ ಬರೆದುಕೊಳ್ಳಿ.

ಜಾಸ್ತಿ ಜನ ನಾಟಕಶಾಲೆಯ ಕಡೆ ನೋಡುವುದೇ ಇಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದ ಜಾಗಗಳಲ್ಲಿ ಅದೂ ಒಂದು. ‘ಹೋಲ್ ಇನ್ ದ ವಾಲ್’ ತೆಗೆದುಕೊಳ್ಳಿ. ಕೇಳಿದರೆ ಯಾವುದೋ ಹಳ್ಳಿಯ ಅಂಗಳದ ಟ್ಯೂನ್ ಅನ್ನಿಸುತ್ತದೆ, ಅಲ್ವಾ? ಅದು ಇಂಗ್ಲಿಷ್ ಸಂಗೀತಕಾರ ಹೆನ್ರಿ ಪರ್ಸೆಲ್ ಬರೆದ ಹಾರ್ನ್‌ಪೈಪ್. ನಾಟಕಕಾರ್ತಿ ಆಫ್ರಾ ಬೆನ್ ಅವರ ‘ಅಬ್ಡೆಲಾಜರ್’ ನಾಟಕವನ್ನು 1695ರಲ್ಲಿ ಮತ್ತೆ ಆಡಿದಾಗ ಅದಕ್ಕೆಂದು ಮಾಡಿದ ಸಂಗೀತ. ಪರ್ಸೆಲ್ ಅದೇ ವರ್ಷ ತೀರಿಕೊಂಡರು. ಪ್ಲೇಫರ್ಡ್ ಅವರ ಮಗ ಹೆನ್ರಿ ಆ ಟ್ಯೂನಿಗೆ ನೃತ್ಯ ಜೋಡಿಸಿ ಹೊಸ ಹೆಸರಲ್ಲಿ ಅಚ್ಚು ಹಾಕಿದರು. ಇಷ್ಟು ಗೊತ್ತಾದ ಮೇಲೆ ಟ್ಯೂನಿನ ಬೆಲೆ ಕಡಿಮೆಯಾಯಿತು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಪರ್ಸೆಲ್ ಬರೆದರು, ಕುಣಿಯುವವರು ಮೂರು ಶತಮಾನ ಉಳಿಸಿಕೊಂಡರು. ಎರಡನ್ನೂ ಬರೆದಿಡಬೇಕು.

ಕೊನೆಗೆ ಪಿಟೀಲುಗಾರರ ಕೈಬರಹದ ಪುಸ್ತಕಗಳು. ವಿಲಿಯಂ ವಿಕರ್ಸ್ 1770ರಲ್ಲಿ ಬರೆದದ್ದಿದೆ, ಕವಿ ಜಾನ್ ಕ್ಲೇರ್ ಬರೆದಿಟ್ಟದ್ದಿದೆ, ಡಾರ್ಸೆಟ್‌ನ ಕಾದಂಬರಿಕಾರ ಥಾಮಸ್ ಹಾರ್ಡಿ ಮನೆತನದ್ದೂ ಇದೆ. ಇಂಥ ಹುಡುಕಾಟಕ್ಕೆ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ನಲ್ಲಿರುವ ವಾನ್ ವಿಲಿಯಮ್ಸ್ ಸ್ಮಾರಕ ಗ್ರಂಥಾಲಯ ಒಳ್ಳೆಯ ಜಾಗ. ಮೂಲ ಪ್ರತಿಯನ್ನೇ ನೋಡುವ ಅವಕಾಶ ಸಿಕ್ಕರೆ, ಗ್ರಂಥಾಲಯದವರನ್ನು ಕೇಳಿ ಹಾಳೆಯನ್ನು ಬೆಳಕಿಗೆ ಹಿಡಿಸಿ. 1794ರ ನಂತರದ ಎಷ್ಟೋ ಇಂಗ್ಲಿಷ್ ಕಾಗದಗಳಲ್ಲಿ ವಾಟರ್‌ಮಾರ್ಕ್ (ಕಾಗದದೊಳಗಿನ ತಯಾರಕರ ಗುರುತು) ಜೊತೆಗೆ ವರ್ಷವೂ ಕಾಣುತ್ತದೆ. ಅದು ಸುಮಾರಾಗಿ ಕಾಗದ ತಯಾರಾದ ವರ್ಷ. ಟ್ಯೂನನ್ನು ಅದರ ಮೇಲೆ ಬರೆದದ್ದು ಸಾಮಾನ್ಯವಾಗಿ ಅದೇ ವರ್ಷ ಇಲ್ಲವೇ ಅದಾದ ಮೇಲೆ.